ಗದಿಗೆಪ್ಪನ ಲಿನಕ್ಸ್ ಕೋಟೆಯೂ ಬಾಳವ್ವನ ಲಗ್ನಪತ್ರಿಕೆಯೂ

ಎಲೈ ವಾಗ್ದೇವಿಯೇ, ವೀಣೆಯನ್ನು ಅರೆಗಳಿಗೆ ಬದಿಗಿಟ್ಟು ಕಿವಿಗೊಡು! ಪೆನ್‌ಡ್ರೈವುಗಳಲ್ಲಿ ಕಾಲಕೂಟ ಸಂಚರಿಸುತ್ತಿದ್ದ, ಫೋಲ್ಡರುಗಳೆಲ್ಲ ಕಣ್ಣೆದುರೇ ಶಾರ್ಟ್‌ಕಟ್ಟುಗಳಾಗಿ ಮಾರ್ಪಡುತ್ತಿದ್ದ ಘೋರ ಯುಗದಲ್ಲಿ, ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನೆದುರು, ಲಗ್ನಪತ್ರಿಕಾ-ನಿರ್ಮಾಣ-ಧುರಂಧರನೂ ಜೆರಾಕ್ಸ್-ಯಂತ್ರ-ಮರ್ದನನೂ ಆದ ಗದಿಗೆಪ್ಪನೆಂಬ ಮಹಾರಥಿ ಡಿಟಿಪಿ ಅಂಗಡಿಯಿಟ್ಟು ಆಳುತ್ತಿದ್ದನು. ಮೂರು ಸಲ ವೈರಸ್ಸು ಆತನ ಡಿಸೈನುಗಳನ್ನೆಲ್ಲ ನುಂಗಿ ನೀರು ಕುಡಿದಿತ್ತು, ಪಾಪ! ಆದಕಾರಣ ಸೋದರಳಿಯ ಮೌನೇಶನಿಂದ ಕಂಪ್ಯೂಟರಿಗೆ ಕನ್ನಡದ ಪರದೆಯ ಲಿನಕ್ಸ್ ಎಂಬ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಸಿ, ಕಾಯಿ ಒಡೆದು, ಪಾಸ್‌ವರ್ಡಿನ ಚೀಟಿಗೂ ಕುಂಕುಮ ಹಚ್ಚಿ, ಶುಭವಾಗಲೆಂದು ಮಾನಿಟರಿನ ಮೇಲಣ ಗಣಪತಿ ಪಟದ ಪಾದದಡಿ ಅಂಟಿಸಿ ಎಂಟು ದಿನವಾಗಿತ್ತು.

ಅಂದು ಸೋಮವಾರ ಹನ್ನೊಂದೂವರೆಗೆ ಅಂಗನವಾಡಿ ಟೀಚರ್ ಬಾಳವ್ವ, ಒಂದು ಕೈಯಲ್ಲಿ ಪೆನ್‌ಡ್ರೈವು, ಇನ್ನೊಂದರಲ್ಲಿ ಅರಿಶಿನದ ಪೊಟ್ಟಣ ಹಿಡಿದು ಬಂದಳು.

"ಅಣ್ಣಾರ, ಮಗಳ ಮದುವಿ ಕಾರ್ಡ್ ಇದರಾಗ ಐತ್ರಿ. ಸದ್ಯ ಒಂದ ಹಾಕಿ ಕೊಡ್ರಿ. ಮನಿದೇವರ ಮುಂದ ಇಡೂತನಾ ಯಾರಿಗೂ ಹಂಚಾಕ ಬರಂಗಿಲ್ಲ. ಗುಡಿ ತೆಗಿಯೂದು ಸೋಮವಾರ ಅಷ್ಟ, ಮದುವಿಗೆ ಉಳದಿದ್ದು ಒಂಬತ್ತ ದಿನ. ಅಲ್ಲಿಗೆ ಹೋಗೂ ಹನ್ನೆರಡೂವರಿ ಬಸ್ ತಪ್ಪಿದ್ರ ನನ್ನ ಕಥಿ ಮುಗೀತು!"

ಪೆನ್‌ಡ್ರೈವನ್ನು ಕಂಡದ್ದೇ ತಡ, ಗದಿಗೆಪ್ಪ ಹೌಹಾರಿ ಹಿಂದೆ ಸರಿದನು.

"ಲೇ ಮೌನೇಶಾ! ಆಂಟಿವೈರಸ್ ಇಲ್ಲದ ಇದನ್ನ ಚುಚ್ಚಿದ್ರ ನಾ ಗದಿಗೆಪ್ಪನ ಅಲ್ಲ!"

ಆಗ ಟರ್ಮಿನಲ್-ವಿದ್ಯಾ-ವಿಶಾರದನೂ ಯೂಟ್ಯೂಬ್-ಗುರುಕುಲ-ಸ್ನಾತಕನೂ ಆದ ಮೌನೇಶನು ಎದೆಯುಬ್ಬಿಸಿ ಗರ್ಜಿಸಿದನು. "ಮಾಮಾ, ಲಿನಕ್ಸಿಗೆ ಆ ವೈರಸ್ ಏನ್ ಕಡೀತೈತಿ? ಕಂಡಕಂಡಲ್ಲಿಂದ ಸಾಫ್ಟ್‌ವೇರ್ ಇಳಿಸಬ್ಯಾಡ, ಅಪ್‌ಡೇಟ್ ತಪ್ಪಿಸಬ್ಯಾಡ. ಮುಗೀತು!"

"ನಮಗ ಕಡಿಯಂಗಿಲ್ಲಪಾ, ಒಪ್ಪಿದೆ. ಇಲ್ಲಿಂದ ಇನ್ನೊಬ್ಬ ಗಿರಾಕಿ ಪೆನ್‌ಡ್ರೈವ್ ಹತ್ತಿ ಅವನ ಮನಿ ಹಾಳ ಮಾಡಿದ್ರ? ಬೈಸಿಕೊಳ್ಳಾಂವ ಯಾರು, ನಿಮ್ಮಪ್ಪನಾ?"

ಇಬ್ಬರ ಮಾತಿನಲ್ಲೂ ಅರ್ಧರ್ಧ ನಿಜವಿತ್ತು. ಅದಕ್ಕೇ ನೋಡಿ, ಕಾಳಗ ಮುಕ್ಕಾಲು ಗಂಟೆ ನಡೆಯಿತು. ಬಾಳವ್ವ ಗಡಿಯಾರ ನೋಡುತ್ತಿದ್ದಳು, ಬೆವರೊರೆಸುತ್ತಿದ್ದಳು, ಆ ಧೀರರ ಕಣ್ಣಿಗೆ ಅವಳು ಬೀಳಬೇಕಲ್ಲ!

ಕಡೆಗೆ ಸಂಧಿಯಾಯಿತು: ಆಂಟಿವೈರಸ್ ಬೇಡ, ಕಂಪ್ಯೂಟರಿನ ಒಳಹೊರಗೆ ಹಾಯುವುದನ್ನೆಲ್ಲ ಬಾಗಿಲಲ್ಲೇ ತಡೆಯುವ ಫೈರ್‌ವಾಲ್ ಇರಲಿ. ಗದಿಗೆಪ್ಪ ತಾನೇ ಮೌಸ್ ಹಿಡಿದು, 'ಒಳಬರುವುದು' ಎಂಬಲ್ಲಿ 'ತಡೆ' ಒತ್ತಿದನು. ಇದ್ದರೆ ಇರಲೆಂದು 'ಹೊರಹೋಗುವುದು' ಎಂಬಲ್ಲೂ 'ತಡೆ' ಒತ್ತಿದನು. ಬಳಿಕ ಪೆನ್‌ಡ್ರೈವ್ ಚುಚ್ಚಿ, ಮೀಸೆ ತಿರುವಿ ಪ್ರಿಂಟ್ ಕೊಟ್ಟನು. ಮೂಲೆಯ ವೈಫೈ ಪ್ರಿಂಟರು ಮಿಸುಕಲಿಲ್ಲ.

"ನೋಡಿದಿ? ಹೊಕ್ಕಿತು ವೈರಸ್!"

"ವೈರಸ್ ಅಲ್ಲ ಮಾಮಾ, ಪ್ರಿಂಟರ್ ಕೆಟ್ಟೈತಿ!"

ಮಾವ ಅಳಿಯ ಕಂಪ್ಯೂಟರಿಗೆ ಬೆನ್ನು ಮಾಡಿ, ಮೂಗಿಗೆ ಮೂಗು ತಾಗುವಂತೆ ನಿಂತು, ಒಬ್ಬರ ಬುದ್ಧಿಯನ್ನು ಇನ್ನೊಬ್ಬರು ಹರಾಜು ಹಾಕತೊಡಗಿದರು. ಗಡಿಯಾರ ಹನ್ನೆರಡೂ ಇಪ್ಪತ್ತು ತೋರಿಸುತ್ತಿತ್ತು.

ಆಗ ಸರ್ರನೆ ಶಬ್ದವಾಯಿತು. ಪ್ರಿಂಟರಿನ ಬಾಯಿಂದ ಲಗ್ನಪತ್ರಿಕೆ ಹೊರಬರುತ್ತಿತ್ತು! ವೀರರಿಬ್ಬರೂ ಬೆಚ್ಚಿ ತಿರುಗಿದರು. ಬಾಳವ್ವ ಅದರ ನಾಲ್ಕು ಮೂಲೆಗೂ ಅರಿಶಿನ ಹಚ್ಚುತ್ತಿದ್ದಳು.

"ಯಕ್ಕಾ, ಏನ್ ಮಾಡಿದ್ರಿ?" ಮೌನೇಶ ತೊದಲಿದನು.

"ಹೊರಗ ಹೋಗಾಕ ತಡಿ ಅಂತ ಕನ್ನಡದಾಗ ಬರದಿತ್ತು. ಅದನ್ನ ತೆಗೆದೆ. ಪಾಸ್‌ವರ್ಡ್ ಕೇಳ್ತು, ಗಣಪ್ಪನ ಕೆಳಗ ನೋಡಿ ಹೊಡೆದೆ. ಬರ್ತೀನ್ರೀ, ಬಸ್ ಬಂತು!"

ಅವಳು ಓಡಿದಳು. ಬಸ್ಸೂ ಸಿಕ್ಕಿತು, ದೇವರು ದೊಡ್ಡವನು.

"ತಮ್ಮಾ," ದುರ್ಗಾಧಿಪತಿಯು ಮೆಲ್ಲಗೆಂದನು, "ಆ ಚೀಟಿ ಕಿತ್ತು ಒಗಿ."

"ಒಗದ್ರ ನಾಳೆ ಒಳಗ ಹೋಗೂದ್ಹೆಂಗ ಮಾಮಾ? ನನಗ ನೆನಪಿಲ್ಲ. ನಿನಗೈತಿ?"

ಗದಿಗೆಪ್ಪ ಎದ್ದು, ಮೂಲೆ ಕಿತ್ತುಬಂದಿದ್ದ ಚೀಟಿಗೆ ಇನ್ನೊಂದಿಷ್ಟು ಗೋಂದು ಹಚ್ಚಿದನು.