ಹಕ್ಕಿಯ ಬೆನ್ನು ನೋಡಿದವಳು

ನಮ್ಮ ದೊಡ್ಡವ್ವನಿಗೆ ಹೆದರದ ಹಕ್ಕಿ ರಾಯಚೂರು ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೆ ಅದಕ್ಕೆ ಕಿವಿ ಕೇಳುವುದಿಲ್ಲ ಎಂದೇ ಅರ್ಥ. ಇಂಥವಳನ್ನು ನಾನು ಹಕ್ಕಿ ನೋಡುವವರ ಗುಂಪಿಗೆ ಕರೆದುಕೊಂಡು ಹೋದೆ. ಹಾಲಿಗೆ ಬೆಕ್ಕನ್ನು ಕಾವಲಿಟ್ಟವರು ನನಗಿಂತ ಬುದ್ಧಿವಂತರು. ಬೆಕ್ಕು ಕುಡಿದರೂ ಸದ್ದಿಲ್ಲದೆ ಕುಡಿಯುತ್ತದೆ.

ದೊಡ್ಡವ್ವ ಎಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ಮಕ್ಕಳಿಲ್ಲ. ದೇವದುರ್ಗದ ಕಡೆಯ ನಮ್ಮ ಹಳ್ಳಿಯಿಂದ ಕಣ್ಣಿನ ಪೊರೆ ತೆಗೆಸಲೆಂದು ರಾಯಚೂರಿಗೆ ನನ್ನ ಮನೆಗೆ ಬಂದಳು. ಪೊರೆ ಹೋಯಿತು, ದೊಡ್ಡವ್ವ ಉಳಿದಳು. ಊರಲ್ಲಿ ಅವಳ ಕಸುಬು ಹಕ್ಕಿ ಕಾಯುವುದು. ಕಾಯುವುದೆಂದರೆ ಸಾಕುವುದಲ್ಲ, ಓಡಿಸುವುದು. ಜೋಳದ ತೆನೆಯಲ್ಲಿ ಹಾಲುಗಾಳು ಕಟ್ಟಿತೆಂದರೆ ಹೊಲದ ನಡುವೆ ಕಟ್ಟಿಗೆ ನೆಟ್ಟು ಕಟ್ಟಿದ ಅಟ್ಟ ಹತ್ತಿ, ಹೊತ್ತು ಮುಳುಗುವವರೆಗೆ ಕೂಗು ಹಾಕಬೇಕು, ಕವಣೆ ಬೀಸಬೇಕು. ಈಗ ಅಟ್ಟ ಇಲ್ಲ, ಕವಣೆ ಇಲ್ಲ. ಕೂಗು ಮಾತ್ರ ಇದ್ದಲ್ಲೇ ಇದೆ.

ನನ್ನ ಮನೆಯ ಗ್ಯಾಲರಿಯಲ್ಲಿ ನಿಂತು ಅವಳು ಪಕ್ಕದ ಬೀದಿಯ ಪಾರಿವಾಳಗಳನ್ನು ಓಡಿಸಿದಳು. ಪಾರಿವಾಳಗಳ ಜೊತೆಗೆ ಆ ಬೀದಿಯ ಸೊಪ್ಪು ಮಾರುವವನೂ ಓಡಿದ. ಒಂದು ಸಂಜೆ ಟೀವಿಯಲ್ಲಿ ಯಾವುದೋ ದೇಶದ ಸರೋವರದ ಹಕ್ಕಿಗಳನ್ನು ತೋರಿಸುತ್ತಿದ್ದರು. ಹಕ್ಕಿ ಕೂತಿರುವುದನ್ನು ನೋಡಿಯೂ ಸುಮ್ಮನಿರುವುದು ಅವಳ ಜಾಯಮಾನವೇ? "ಹೋಯ್ ಹಾ... ಹೋ ಹೋ ಹೋ" ಎಂದಳು. ಅದೇ ಗಳಿಗೆಗೆ ಪರದೆಯ ಮೇಲೆ ಇಡೀ ಹಿಂಡು ಎದ್ದಿತು.

"ನೋಡಿದೇನು?" ಎಂದಳು ನನಗೆ. "ದೇಶ ಯಾವುದಾದ್ರೇನು, ಹೇಳೋರು ಹೇಳಿದ್ರ ಕೇಳ್ತಾವ."

ಇನ್ನು ನನ್ನ ವಿಷಯ. ನಾನು ಪದವೀಧರೆ. ನಮ್ಮ ಮನೆತನದಲ್ಲಿ ಮೊದಲನೆಯವಳು. ಈ ಮಾತನ್ನು ಹೇಳಬೇಕಾದ ಕಡೆ ಹೇಳುತ್ತೇನೆ, ಬೇಡದ ಕಡೆಯೂ ಹೇಳುತ್ತೇನೆ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಕೆಲಸ ಸಿಕ್ಕಿತು, ಮನೆಯಾಯಿತು. ಆದರೂ ಓದಿದವರ ಮನೆಯಲ್ಲಿ ಹುಟ್ಟಿದವರನ್ನು ಕಂಡಾಗ ಕಾಲಿಗೆ ಬೇರೆಯವರ ಚಪ್ಪಲಿ ಹಾಕಿಕೊಂಡಂತೆ ಆಗುವುದು ಹೋಗಿರಲಿಲ್ಲ. ಅವರು ಭಾನುವಾರ ಬೆಳಿಗ್ಗೆ ಏನು ಮಾಡುತ್ತಾರೆ ಎಂದು ವಿಚಾರಿಸಿದೆ. ಹಕ್ಕಿ ನೋಡುತ್ತಾರೆ ಎಂದು ಗೊತ್ತಾಯಿತು. ನಮ್ಮೂರಲ್ಲಿ ಕೂಲಿ ಕೊಟ್ಟು ಮಾಡಿಸುವ ಕೆಲಸವನ್ನು ಇವರು ಪೆಟ್ರೋಲ್ ಸುಟ್ಟು ಮಾಡುತ್ತಾರಲ್ಲ ಎಂದು ಒಳಗೇ ನಕ್ಕೆ. ನಕ್ಕು, ಮರುದಿನವೇ ಖಾಕಿ ಟೋಪಿ ಕೊಂಡೆ. ದುರ್ಬೀನು ಕೊಂಡೆ. ಚಿತ್ರಗಳ ಪುಸ್ತಕ ತಂದು, ಪರೀಕ್ಷೆಗೆ ಓದಿದ ಹಾಗೆ ಹಕ್ಕಿಗಳ ಹೆಸರು ಉರು ಹೊಡೆದೆ. ಹೆಸರೆಲ್ಲ ಬಂದವು. ಹಕ್ಕಿ ಮಾತ್ರ ಪುಸ್ತಕದಲ್ಲಿ ಕೂತ ಹಾಗೆ ಮರದಲ್ಲಿ ಕೂರುತ್ತಿರಲಿಲ್ಲ. ಬಾಲ ತೋರಿಸುವ ಕಡೆ ತಲೆ ತೋರಿಸುತ್ತಿತ್ತು. ನಾನು ಗಂಭೀರವಾಗಿ "ಹೂಂ" ಅನ್ನುತ್ತಿದ್ದೆ. ಟೋಪಿ ಹಾಕಿಕೊಂಡು "ಹೂಂ" ಅಂದರೆ ಬಹಳ ಕಡೆ ನಡೆಯುತ್ತದೆ.

ನಮ್ಮ ಗುಂಪಿನ ಮುಂದಾಳು ಒಬ್ಬ ನಿವೃತ್ತ ಪ್ರೊಫೆಸರ್. ಹಕ್ಕಿಗೆ ಕೇಳಿಸಬಾರದೆಂದು ಎಷ್ಟು ಮೆಲ್ಲಗೆ ಮಾತಾಡುತ್ತಾರೆಂದರೆ ನಮಗೂ ಕೇಳಿಸುವುದಿಲ್ಲ. ಇನ್ನೊಬ್ಬರು ಬಟ್ಟೆ ಅಂಗಡಿಯ ಚಾಚಾ. ಎಲ್ಲರಿಗೂ ಅವರು ಚಾಚಾ, ಪ್ರೊಫೆಸರಿಗೂ.

ಒಂದು ಭಾನುವಾರ ನಾನು ಟೋಪಿ ಹಾಕಿಕೊಳ್ಳುವಾಗ ದೊಡ್ಡವ್ವ ಕೇಳಿದಳು:

"ಎಲ್ಲಿಗಿ ಹೊಂಟಿ ಬೇ, ಹೊತ್ತು ಹುಟ್ಟೂದರೊಳಗ?"

"ಹಕ್ಕಿ ನೋಡಾಕ."

"ಯಾರ ಹೊಲದಾಗ?"

"ಹೊಲ ಅಲ್ಲ, ಪಾರ್ಕಿನ್ಯಾಗ. ಸುಮ್ನ ನೋಡೂದು ಅಷ್ಟ."

"ನೋಡಿ?"

"ನೋಡಿ, ಬರೂದು."

ದೊಡ್ಡವ್ವ ನನ್ನನ್ನು ಒಂದು ಕ್ಷಣ ಕನಿಕರದಿಂದ ನೋಡಿದಳು. ಇಷ್ಟು ಓದಿಸಿದ್ದು ಇದಕ್ಕೇನು ಎಂಬ ನೋಟ ಅದು. ಆಮೇಲೆ ಸೀರೆ ನೆರಿಗೆ ಸರಿಮಾಡಿಕೊಂಡು, "ನಡಿ, ನಾನೂ ಬರ್ತೀನಿ. ಒಬ್ಬಾಕಿ ಏನು ಓಡಿಸ್ತಿ" ಎಂದು ಹೊರಟೇಬಿಟ್ಟಳು.

ಪಾರ್ಕಿನಲ್ಲಿ ಪ್ರೊಫೆಸರ್ ತುಟಿಗೆ ಬೆರಳಿಟ್ಟು ಒಂದು ಬೇವಿನ ಮರ ತೋರಿಸಿದರು. ಗಿಣಿಗಳ ಹಿಂಡು. ನಾವೆಲ್ಲ ದುರ್ಬೀನು ಎತ್ತಿದೆವು. ನನ್ನ ದುರ್ಬೀನಿನ ಗಾಜಿಗೆ ಇನ್ನೂ ಮುಚ್ಚಳ ಇತ್ತು. ಅದು ಗೊತ್ತಾಗುವ ಮೊದಲೇ ನನ್ನ ಹಿಂದಿನಿಂದ "ಹೋಯ್ ಹಾ" ಎದ್ದಿತು. ಗಿಣಿಗಳು ಹೋದವು. ಕಾಗೆಗಳು ಹೋದವು. ಯೋಗ ಮಾಡುತ್ತಾ ಶವಾಸನದಲ್ಲಿದ್ದ ಒಬ್ಬರು ಎದ್ದು ಕೂತರು.

"ಗಿಣಿ ರೀ ಅವು," ಎಂದಳು ದೊಡ್ಡವ್ವ, ನಮ್ಮ ಮುಖಗಳನ್ನು ನೋಡಿ. "ಬಿಟ್ರ ತೆನಿ ಉಳ್ಸಂಗಿಲ್ಲ."

"ಇಲ್ಲಿ ತೆನಿ ಎಲ್ಲಿ ಅದಾವ, ಅವ್ವಾ?" ಎಂದರು ಚಾಚಾ.

"ತೆನಿ ಇಲ್ಲಾಂತ ಸುಮ್ನ ಬಿಟ್ರ ನಾಳಿ ತೆನಿ ಇದ್ದಾಗ ಅವು ಅಂಜತಾವೇನ್ರೀ?"

ಹಾರದೆ ಉಳಿದ ಒಂದೇ ಒಂದು ಗಿಣಿ ಪೊಟರೆಯ ಬಾಯಲ್ಲಿ ಕೂತಿತ್ತು. ದೊಡ್ಡವ್ವನ ಬಾಯಿ ಮುಚ್ಚಿಸಲೆಂದು ನಾನು ದುರ್ಬೀನನ್ನು ಅವಳ ಕಣ್ಣಿಗೆ ಹಿಡಿದೆ. ಅವಳು ನೋಡಿದಳು. ಗಿಣಿಯ ಮುಖವನ್ನೇ ಬಹಳ ಹೊತ್ತು ನೋಡಿದಳು. ಪೊರೆ ಕಳಚಿದ ಹೊಸ ಕಣ್ಣು ಬೇರೆ.

"ಯವ್ವಾ, ಇದರ ಮಾರಿ ಹಿಂಗ ಅದ ಏನು," ಎಂದಳು. "ಕೊಳ್ಳಾಗ ಗುಲಾಬಿ ದಾರ ಕಟ್ಕೊಂಡಂಗ. ಇಷ್ಟು ವರ್ಷ ಇವುಗಳ ಬೆನ್ನಷ್ಟ ನೋಡೀನಿ ನೋಡು. ಹಾರಿ ಹೋಗೂ ಹಕ್ಕಿ ಮಾರಿ ಯಾರಿಗಿ ಕಾಣ್ತದ?"

ಅಂದಿನಿಂದ ಭಾನುವಾರ ನನಗಿಂತ ಮೊದಲು ಅವಳು ತಯಾರು. ಕೂಗುವುದಿಲ್ಲ ಎಂದು ಆಣೆ ಮಾಡಿದಳು. ಆಣೆಯನ್ನು ಪಾಲಿಸಿದಳು ಕೂಡ. ದೇವದುರ್ಗದ ಕಡೆ ಕೃಷ್ಣಾ ದಂಡೆಗೆ ಹೋದಾಗ ತುಟಿ ಪಿಟಕ್ಕೆನ್ನಲಿಲ್ಲ. ಆದರೆ ಚಾಚಾ ಸುಮ್ಮನಿರಬೇಕಲ್ಲ? "ಅವ್ವಾ, ಕವಣಿ ಹ್ಯಾಂಗ ಬೀಸ್ತಾರ?" ಎಂದು ಕೇಳಿಬಿಟ್ಟರು. ದೊಡ್ಡವ್ವ ಬಾಯಿಂದ ಒಂದಕ್ಷರ ಆಡದೆ, ಚಾಚಾರ ಹೆಗಲ ಟವೆಲ್ ಕಿತ್ತುಕೊಂಡು, ಅದರಲ್ಲಿ ಕಲ್ಲಿಟ್ಟು, ತಲೆಯ ಮೇಲೆ ತಿರುಗಿಸಿ ಬಿಟ್ಟಳು. ಕಲ್ಲು ನದಿಯ ನಡುಗಡ್ಡೆಯವರೆಗೆ ಹೋಯಿತು. ನಡುಗಡ್ಡೆಯ ಮೇಲಿದ್ದ ಅಷ್ಟೂ ಕೊಕ್ಕರೆ ಎದ್ದವು.

"ಮಾಶಾ ಅಲ್ಲಾ," ಎಂದರು ಚಾಚಾ.

ಪ್ರೊಫೆಸರ್ ನನ್ನನ್ನು ಪಕ್ಕಕ್ಕೆ ಕರೆದರು. ಅವತ್ತು ಮಾತ್ರ ಅವರ ಮಾತು ಸ್ಪಷ್ಟವಾಗಿ ಕೇಳಿಸಿತು. "ಮೇಡಂ, ಮುಂದಿನ ವಾರ ಮಾನ್ವಿ ಕಡೆ ಕೆರಿಗಿ ಹೋಗೂದದ. ಹಿಮಾಲಯದ ಆಚಿಂದ ಬಂದ ಹೆಬ್ಬಾತು ಅದಾವ ಅಲ್ಲಿ. ಈ ಸಲ ಸರದಿ ನಿಮ್ಮದು, ಗುಂಪನ್ನ ನೀವೇ ನಡೆಸ್ರಿ. ಆದರ ನಿಮ್ಮ ದೊಡ್ಡವ್ವಾರು ಇನ್ನೊಮ್ಮಿ ಹಕ್ಕಿ ಎಬ್ಬಿಸಿದ್ರ, ಆಮ್ಯಾಲ ಅವರನ್ನ ಕರ್ಕೊಂಡು ಬರೂದು ಬ್ಯಾಡ."

ದೊಡ್ಡವ್ವನಿಗೆ ಹೇಳಿದೆ. ಅವಳು ವಾದಿಸಲಿಲ್ಲ. "ಹಿಮಾಲಯದ ಹಕ್ಕಿ ಮಾರಿ ಹ್ಯಾಂಗ ಇರ್ತದ ಬೇ?" ಎಂದಷ್ಟೇ ಕೇಳಿದಳು. "ತಲಿ ಮ್ಯಾಲ ಎರಡು ಕರಿ ಪಟ್ಟಿ ಇರ್ತಾವಂತ" ಎಂದೆ. ವಾರವಿಡೀ ಅವಳು ಗ್ಯಾಲರಿಗೆ ಹೋಗಲಿಲ್ಲ. ಪಾರಿವಾಳಗಳು ಬಂದು ಕೂತವು, ಸೊಪ್ಪು ಮಾರುವವನೂ ಬಂದ. ಅವಳು ಬಾಗಿಲ ಒಳಗೆ ಕೂತು ಸುಮ್ಮನಿರುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದಳು.

ಭಾನುವಾರ ಮಲ್ಲಟ ಎಂಬ ಊರು ದಾಟಿ ಆ ಕೆರೆ ಮುಟ್ಟಿದಾಗ ಬಿಸಿಲು ಇನ್ನೂ ಎಳೆಯದು. ಚಾಚಾ ದೊಡ್ಡವ್ವನ ಬಾಯಿಗೆ ಎರಡು ಪೆಪ್ಪರಮಿಂಟು ಹಾಕಿ, "ಇದು ಕರಗೂತನಾ ಬಾಯಿ ತೆಗೀಬ್ಯಾಡ್ರಿ ಅವ್ವಾ" ಎಂದರು. ಅವಳು ಮೇಲೆ ಸೆರಗನ್ನೂ ತುರುಕಿಕೊಂಡಳು. ಏರಿಯ ಮೇಲೆ ನಾನು ಮುಂದೆ, ಹಿಂದೆ ಇಡೀ ಗುಂಪು. ನನ್ನ ಬದುಕಿನಲ್ಲಿ ಓದಿದವರು ನನ್ನ ಹಿಂದೆ ಸಾಲಾಗಿ ನಡೆದದ್ದು ಅದೇ ಮೊದಲು. ಟೋಪಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡೆ.

ನೀರಿನ ಅಂಚಿನಲ್ಲಿ ಹೆಬ್ಬಾತುಗಳ ಹಿಂಡು ನಿಂತಿತ್ತು. ಬೂದು ಮೈ, ಬಿಳಿ ತಲೆ, ಪಟ್ಟೆ. ಎಲ್ಲರೂ ಉಸಿರು ಹಿಡಿದರು. ನಾನು ಉರು ಹೊಡೆದದ್ದನ್ನು ಪಿಸುಗುಡಲು ತಿರುಗಿದೆ. ತಿರುಗಿದಾಗ ಏರಿಯ ಆ ಬದಿ ಕಣ್ಣಿಗೆ ಬಿತ್ತು.

ಬಿಳಿಜೋಳದ ಹೊಲ. ಹಾಲುಗಾಳು. ಕಾಯುವವರು ಯಾರೂ ಇಲ್ಲ. ಗಿಣಿಗಳ ಒಂದು ಹಿಂಡು ಓರೆಯಾಗಿ ಬಂದು ತೆನೆಗಳ ಮೇಲೆ ಇಳಿಯುತ್ತಿತ್ತು.

"ಹೋಯ್ ಹಾ... ಹೋ ಹೋ ಹೋ!"

ಗಿಣಿಗಳು ಎದ್ದವು. ಹೆಬ್ಬಾತುಗಳೂ ಎದ್ದವು. ಎಲ್ಲರೂ ದೊಡ್ಡವ್ವನ ಕಡೆ ತಿರುಗಿದರು. ದೊಡ್ಡವ್ವ ನನ್ನ ಕಡೆ ನೋಡುತ್ತಿದ್ದಳು. ಕೂಗಿದ್ದು ನಾನು.

ಪ್ರೊಫೆಸರ್ ಟೋಪಿ ತೆಗೆದು ತಲೆ ಒರೆಸಿಕೊಂಡರು. ದೊಡ್ಡವ್ವ ಬಾಯಿಂದ ಸೆರಗು ತೆಗೆದಳು, ಪೆಪ್ಪರಮಿಂಟನ್ನು ದವಡೆಗೆ ಸರಿಸಿದಳು.

"ತಪ್ಪಾತ್ರಿ ಸಾಹೇಬ್ರ. ಬಾಯಿ ತಡೀಲಿಲ್ಲ ನನಗ. ಇನ್ನ ಮ್ಯಾಲ ನಾ ಬರಂಗಿಲ್ಲ."

ಇಂಥ ಸುಳ್ಳನ್ನು ನಾನು ಮೊದಲೂ ಒಮ್ಮೆ ಕೇಳಿದ್ದೇನೆ. ಇದೇ ದನಿಯಲ್ಲಿ, ಅಷ್ಟೇ ಸಲೀಸಾಗಿ. ಚಿಕ್ಕಂದಿನಲ್ಲಿ ಅಟ್ಟ ಹತ್ತುವ ಸರದಿ ನನಗೆ ಬಂದಾಗ, ಸಾಲೆ ಬಿಡಿಸಬೇಕೆಂದು ಮನೆಯಲ್ಲಿ ಮಾತಾದಾಗ, ಇವಳು ನಡುವೆ ಬಂದು ಹೇಳಿದ್ದಳು: "ಆಕಿ ಕೂಗಿಗಿ ಗುಬ್ಬಿನೂ ಏಳಂಗಿಲ್ಲ. ಆಕಿ ಸಾಲಿಗಿ ಹೋಗಲಿ, ನಾ ಕಾಯ್ತೀನಿ." ಆಗ ನಾನು ಚೀಲ ಹೆಗಲಿಗೇರಿಸಿ ಹೋಗಿದ್ದೆ. ಈಗ ಹೋಗುವುದು ಸರಿ ಕಾಣಲಿಲ್ಲ.

"ಸರ್, ಕೂಗಿದ್ದು ನಾನು," ಎಂದೆ.

"ಇರ್ಲಿ ಬಿಡ್ರಿ ಮೇಡಂ. ಹಿರೇರನ್ನ ಉಳಿಸಾಕ ನೀವು ಸುಳ್ಳು ಹೇಳಬ್ಯಾಡ್ರಿ. ನೀವು ಓದಿದವರು."

ಪದವಿ ಯಾವ ಯಾವ ಹೊತ್ತಿಗೆ ಅಡ್ಡ ಬರುತ್ತದೆ ನೋಡಿ! ಇನ್ನೇನು ಮಾಡಲಿ? ಏರಿಯ ಅಂಚಿಗೆ ಹೋಗಿ ನಿಂತು, ಟೋಪಿ ತೆಗೆದು ಚಾಚಾರ ಕೈಗೆ ಕೊಟ್ಟು, ಹೊಲದ ಕಡೆ ಮುಖ ಮಾಡಿ ಮತ್ತೊಮ್ಮೆ ಕೂಗಿದೆ. ಹಿಂತಿರುಗಿ ಬರುತ್ತಿದ್ದ ಗಿಣಿಗಳು ಮನಸ್ಸು ಬದಲಿಸಿದವು.

"ಮದಲನೇದು ಛಲೋ ಇತ್ತು," ಎಂದಳು ದೊಡ್ಡವ್ವ. "ಎರಡನೇದ್ರಾಗ ದಮ್ ಇಲ್ಲ."

ಮೊದಲು ನಕ್ಕದ್ದು ಚಾಚಾ. ಆಮೇಲೆ ಪ್ರೊಫೆಸರ್, ಗಟ್ಟಿಯಾಗಿ. ಅವರಿಗೆ ಅಷ್ಟು ದನಿ ಇದೆಯೆಂದು ನಮಗೆ ಅಂದೇ ಗೊತ್ತಾಯಿತು. "ದೊಡ್ಡವ್ವಾರು ಬರಲಿ. ನಿಮ್ಮದ ವಿಚಾರ ಮಾಡಬೇಕು, ಮೇಡಂ," ಎಂದರು.

ಹೆಬ್ಬಾತುಗಳು ಒಂದು ಸುತ್ತು ಹಾಕಿ ನೀರಿನ ಕಡೆ ತಿರುಗಿದವು. ದುರ್ಬೀನನ್ನು ದೊಡ್ಡವ್ವನ ಕೈಗೆ ಕೊಟ್ಟೆ. "ಈ ಕಡೀಗೆ ಮಾರಿ ಮಾಡ್ಯಾವ," ಎಂದಳು, ಮೆಲ್ಲಗೆ. ಅವು ನೀರಿಗಿಳಿಯುವ ತನಕ ನೋಡಿದಳು. ಆಮೇಲೆ ದುರ್ಬೀನು ಇಳಿಸದೆ ಹೇಳಿದಳು:

"ಅಟ್ಟದ ಮ್ಯಾಲಿಂದ ನಿಮ್ಮ ಸಾಲಿ ದಾರಿ ಕಾಣ್ತಿತ್ತು ಬೇ. ದಿನಾ ನೋಡ್ತಿದ್ದೆ. ಚೀಲ, ಎರಡು ಜಡಿ. ಬೆನ್ನಷ್ಟ."

ಹೇಳಿ, ದುರ್ಬೀನನ್ನು ನನ್ನ ಕಡೆ ತಿರುಗಿಸಿದಳು. ನಾನು ಒಂದೇ ಮಾರು ದೂರದಲ್ಲಿದ್ದೆ, ದುರ್ಬೀನಿಗೆ ತೀರಾ ಹತ್ತಿರ.

"ಏನೂ ಕಾಣವಲ್ದು. ಎಲ್ಲಾ ಮಂಜ ಮಂಜ. ತುಸು ದೂರ ನಿಂದ್ರು."

ನಾನು ಏರಿಯ ಮೇಲೆ ಹಿಂದಕ್ಕೆ ಹೆಜ್ಜೆ ಇಡುತ್ತಾ ಹೋದೆ. ಕಾಲಿಗೆ ಕಲ್ಲು ಎಡವಿತು, ಜಾಲಿ ಮುಳ್ಳು ಸೀರೆ ಹಿಡಿಯಿತು. ಅವಳು "ಇನ್ನೂ ತುಸು, ಇನ್ನೂ ತುಸು" ಅನ್ನುತ್ತಲೇ ಇದ್ದಳು. ನಾನು ಬೆನ್ನು ತಿರುಗಿಸಲಿಲ್ಲ.