ಅವ್ವನ ಶಾಲು, ನನ್ನ ಸೈಕಲ್ಲು

ಒಂದು ಸಲ ನಿರ್ಧಾರ ಮಾಡಿದರೆ ಹಿಂದೆ ತಿರುಗಿ ನೋಡುವ ಆಸಾಮಿಯೇ ಅಲ್ಲ ಈ ಕೊಟ್ರೇಶ! ಕಳೆದ ಜನವರಿ ಮೊದಲ ವಾರ, ಎಸ್.ಎಸ್. ಬಡಾವಣೆಯ ನಮ್ಮ ಮನೆಯ ಹಾಲ್‌ನಲ್ಲಿ ನಿಂತು ನನ್ನ ಬಗ್ಗೆ ನಾನೇ ಹೀಗೆ ಘೋಷಿಸಿದೆ. ಬೇರೆ ಯಾರೂ ಘೋಷಿಸುವ ಲಕ್ಷಣ ಕಾಣಲಿಲ್ಲ, ಅದಕ್ಕೆ.

ಎಲ್ಲಕ್ಕೂ ಕಾರಣ ಸಕ್ಕರೆ. ಐವತ್ತೆರಡನೇ ವಯಸ್ಸಿಗೆ ನನ್ನ ರಕ್ತ ಇನ್ನೇನು ಪಾಕಕ್ಕೆ ಬರುತ್ತದೆ ಎಂದು ಡಾಕ್ಟರು ಹೇಳಿದ ದಿನವೇ ನನ್ನ ಹೆಂಡತಿ ನಯನಾ ಬೆಣ್ಣೆ ದೋಸೆಯ ಮೇಲೆ ನಿಷೇಧಾಜ್ಞೆ ಹೊರಡಿಸಿದಳು. ದಾವಣಗೆರೆಯಲ್ಲಿ ಹುಟ್ಟಿ ಬೆಳೆದವನಿಗೆ ಬೆಣ್ಣೆ ದೋಸೆ ಬಂದ್! ಗೋಗರೆದು ಗೋಗರೆದು ಒಂದು ಕರಾರಿಗೆ ಒಪ್ಪಿಸಿದೆ. ಮಾರ್ಚ್ ಕೊನೆಗೆ ರಕ್ತಪರೀಕ್ಷೆ. ಸಕ್ಕರೆ ಇಳಿದಿದ್ದರೆ ಭಾನುವಾರಕ್ಕೊಂದು ದೋಸೆ. ಇಳಿಯದಿದ್ದರೆ ಈ ಜನ್ಮಕ್ಕೆ ದೋಸೆಯ ಋಣ ಮುಗಿಯಿತು.

"ದಿನಾ ಬೆಳಿಗ್ಗೆ ಹರಿಹರದ ಹೊಳೆ ತನಕ ಸೈಕಲ್ ತುಳೀತೀನಿ!" ಎಂದೆ.

"ಹೋದ್ ವರ್ಷ ತಗಂಡ ವಾಕಿಂಗ್ ಶೂಸ್‌ನಾಗೆ ಜೇಡ ಮನೆ ಮಾಡೈತೆ. ಎಷ್ಟು ದಿನ ತುಳೀತೀರಿ, ಅದನ್ನ ಹೇಳ್ರಿ."

"ಚಳಿ ಹೋಗೋ ತನಕ! ಅವ್ವ ಶಾಲು ಪೆಟ್ಟಿಗೆಗೆ ಇಡೋ ತನಕ ಕೊಟ್ರೇಶ ಸೈಕಲ್ ಇಳಿಯಲ್ಲ!"

ಇದರಲ್ಲೊಂದು ಲೆಕ್ಕಾಚಾರವಿತ್ತು. ನಮ್ಮ ಮನೆಯಲ್ಲಿ ಚಳಿ ಬಂತೋ ಹೋಯಿತೋ ಎಂದು ಹೇಳುವುದು ಹವಾಮಾನ ಇಲಾಖೆಯಲ್ಲ, ನಮ್ಮವ್ವ ಕಸ್ತೂರಮ್ಮನ ಕೆಂಪು ಉಣ್ಣೆ ಶಾಲು. ಶಿವರಾತ್ರಿಗೆ ಚಳಿ 'ಶಿವ ಶಿವ' ಎನ್ನುತ್ತಾ ಹೋಗುತ್ತದಲ್ಲ, ಮಾರನೇ ದಿನವೇ ಅವ್ವ ಶಾಲು ಮಡಚಿ, ನುಸಿಗುಳಿಗೆ ಹಾಕಿ ಪೆಟ್ಟಿಗೆ ಮುಚ್ಚುತ್ತಾಳೆ. ಮೂವತ್ತು ವರ್ಷದಿಂದ ಒಂದು ದಿನ ತಪ್ಪಿಲ್ಲ. ಅಂದರೆ ಹೆಚ್ಚೆಂದರೆ ನಲವತ್ತು ದಿನ!

ಅವ್ವ ಮಾತ್ರ ಒಳಗಿನಿಂದ ಒಂದು ಪ್ಲಾಸ್ಟಿಕ್ ಕ್ಯಾನ್ ತಂದು ಕೈಗಿಟ್ಟಳು. "ಹೆಂಗೂ ಹೊಳೆ ತನಕ ಹೋಗ್ತೀಯಲ್ಲ ಮಗ, ಪೂಜೆಗೆ ನೀರು ತಾ."

ಸುಳ್ಳು ಯಾಕೆ ಹೇಳಲಿ, ಆ ನಲವತ್ತು ದಿನ ಸ್ವರ್ಗ! ಮಂಕಿ ಟೋಪಿ ಹಾಕಿ ಪಿ.ಬಿ. ರಸ್ತೆಗಿಳಿದರೆ ಎದುರಿಗೆ ಬರೀ ಮಂಜು. ಬಾಯಿ ತೆರೆದರೆ ಬೀಡಿಯಿಲ್ಲದೆಯೇ ಹೊಗೆ! ಹರಿಹರ ಮುಟ್ಟುವಾಗ ತುಂಗಭದ್ರೆಯ ಮೇಲೆ ಆಗಷ್ಟೇ ಬಿಸಿಲು ಬಿದ್ದಿರುತ್ತಿತ್ತು. ಹೊಳೆಗೆ ಕಾಲಿಟ್ಟರೆ ನೆತ್ತಿಯವರೆಗೂ ಜುಮ್ ಎನ್ನುತ್ತಿತ್ತು. ಕ್ಯಾನ್ ತುಂಬಿಸಿ, ಕ್ಯಾರಿಯರಿಗೆ ಕಟ್ಟಿ, ಶಿಳ್ಳೆ ಹೊಡೆಯುತ್ತಾ ವಾಪಸ್ ಬರುತ್ತಿದ್ದೆ.

ಶಿವರಾತ್ರಿ ಬಂತು. ಜಾಗರಣೆ ಮುಗಿಯಿತು. ಬೆಳಿಗ್ಗೆ ನಾನೇ ಪೆಟ್ಟಿಗೆ ಇಳಿಸಿ, ನುಸಿಗುಳಿಗೆ ಹಿಡಿದು ನಿಂತರೆ ಅವ್ವ ಶಾಲನ್ನು ಕಿವಿ ತನಕ ಎಳೆದುಕೊಂಡಳು. "ಯಪ್ಪಾ! ಈ ವರ್ಷ ಶಿವ ಚಳೀನ ಇಲ್ಲೇ ಮರೆತು ಹೋಗ್ಯಾನ ನೋಡು!"

ನಿಜಕ್ಕೂ ಮರೆತಿದ್ದ. ಹೊಂಗೆ ಚಿಗುರಿತು, ಮಾವು ಹೂ ಬಿಟ್ಟಿತು, ಚಳಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ನನ್ನ ಮನಸ್ಸೇನೋ ಇನ್ನೂ ಚಳಿಗೆ ಕುಣಿಯುತ್ತಿತ್ತು, ಆದರೆ ಮೊಣಕಾಲು ಶಿವರಾತ್ರಿಗೇ ನಿವೃತ್ತಿ ಪಡೆದಿತ್ತು. ಎರಡಕ್ಕೂ ರಾಜಿ ಮಾಡಿಸಿದ್ದು ಊರಂಚಿನ ಅಬ್ದುಲ್ ರಹೀಮಣ್ಣನ ಚಹಾದಂಗಡಿ. ಅಲ್ಲಿಂದ ಮುಂದೆ ನಾನು ಚಳಿಯನ್ನು ಸೈಕಲ್ಲಿಗೆ ಒರಗಿಕೊಂಡು ಸವಿಯತೊಡಗಿದೆ. ಎರಡು ಸ್ಟ್ರಾಂಗ್ ಚಹಾ, ಮೂರು ಬಿಸಿ ಮಿರ್ಚಿ ಬಜ್ಜಿ. ದೋಸೆ ಮುಟ್ಟಲಿಲ್ಲ, ಮಾತೆಂದರೆ ಮಾತು! ಮಿರ್ಚಿಯ ಹೆಸರು ಕರಾರಿನಲ್ಲೇ ಇರಲಿಲ್ಲ.

ಕ್ಯಾನ್? ಅಂಗಡಿ ಪಕ್ಕದಲ್ಲೇ ಕಾರ್ಪೊರೇಷನ್ನಿನ ನಲ್ಲಿಯಿತ್ತು.

"ಹೊಳೆಗೆ ಹೋಗಲ್ವೇನ್ರಿ ಅಣ್ಣಾರೆ?" ರಹೀಮಣ್ಣ ಕೇಳಿದ.

"ಭಾಳ ಚಳಿ ರಹೀಮಣ್ಣ. ಇನ್ನೊಂದು ಚಹಾ ಕೊಡು."

ಮನೆ ತಿರುವಿನಲ್ಲಿ ಹಣೆಗೆ ಅದೇ ನೀರು ಚಿಮುಕಿಸಿದರೆ ಬೆವರು ರೆಡಿ! ಆದರೆ ಪಾಪ ಸುಮ್ಮನೆ ಬಿಡುತ್ತದೆಯೇ? ಪಕ್ಕದ ಮನೆಯ ಬಕ್ಕೇಶ್ ಗೇಟಿಗೇ ಬಂದ. "ಅಣ್ಣ, ನಮ್ಮನ್ಯಾಗೂ ದಿನಾ ಪೂಜೆ ಐತೆ. ನಮಗೂ ಒಂದು ಕ್ಯಾನ್." ಅವನಿಂದ ಎದುರು ಮನೆಗೆ, ಅಲ್ಲಿಂದ ಹಿಂದಿನ ಬೀದಿಗೆ ಸುದ್ದಿ ಹಬ್ಬಿ, ವಾರದೊಳಗೆ ನನ್ನ ಸೈಕಲ್ಲಿಗೆ ಐದು ಕ್ಯಾನ್ ನೇತುಬಿದ್ದವು. ಬಕ್ಕೇಶನಂತೂ ಒಂದು ಗುಟುಕು ಕುಡಿದು ಕಣ್ಮುಚ್ಚಿದ. "ಆಹಾ! ಹೊಳೆ ನೀರಂದ್ರೆ ಹೊಳೆ ನೀರು. ಇದರ ಮುಂದೆ ನಮ್ಮ ನಲ್ಲಿ ನೀರು ಏನು ಅಣ್ಣ?"

ಮಾರ್ಚ್ ಕೊನೆ ಬಂತು, ರಿಪೋರ್ಟೂ ಬಂತು. ಇನ್ನೂರ ನಲವತ್ತಿದ್ದ ಸಕ್ಕರೆ ಮುನ್ನೂರ ಹತ್ತು!

"ರೀ, ದಿನಾ ಹರಿಹರಕ್ಕೆ ಹೋಗಿ ಬಂದ್ರೆ ಇದು ಮೇಲೆ ಹೆಂಗೆ ಹತ್ತಿತು?" ನಯನಾ ಚೀಟಿಯನ್ನು ನನ್ನ ಮೂಗಿಗೇ ಹಿಡಿದಳು.

"ಅದು... ಚಳಿಗೆ ರಕ್ತ ಗಟ್ಟಿ ಆಗಿರ್ತೈತೆ..."

"ಬೈಬ್ಯಾಡ ಬಿಡವ್ವ," ಅವ್ವ ಅಡ್ಡ ಬಂದಳು. "ಇಷ್ಟು ಚಳಿಯಾಗ ಹೊಳೆ ನೀರು ಹೊತ್ತು ತಂದಾನ. ಸೋಮವಾರ ಉಪವಾಸ ಇದ್ದು ಅದೇ ನೀರಿನಾಗ ಅಭಿಷೇಕ ಮಾಡ್ತೀನಿ. ಮಗನ ಕಾಯಿಲೆ ಹೋಗ್ಲಿ ಅಂತ ಬೇಡ್ಕೊಂತೀನಿ."

ಸೋಮವಾರ ಬೆಳಿಗ್ಗೆ ಎಪ್ಪತ್ತೆಂಟು ವರ್ಷದ ಅವ್ವ ಕ್ಯಾನನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡಳು. ನನಗೆ ಅಷ್ಟು ದಿನದ ಮಿರ್ಚಿಗಳೆಲ್ಲ ಒಟ್ಟಿಗೆ ಎದೆಗೆ ಬಂದಂತಾಯಿತು.

"ಅವ್ವಾ, ಬ್ಯಾಡ! ಅದು ಹೊಳೆ ನೀರಲ್ಲ. ನಲ್ಲಿ ನೀರು!"

ನಯನಾ ಸೊಂಟಕ್ಕೆ ಕೈಯಿಟ್ಟಳು. ಅವ್ವ ಮಾತ್ರ ನಿಧಾನಕ್ಕೆ ಲಿಂಗದ ಮೇಲೆ ನೀರು ಹಾಕಿದಳು.

"ಗೊತ್ತೈತೆ ಬಿಡೋ. ಶಿವರಾತ್ರಿ ಆದಾಗಿಂದ ಕ್ಯಾನಿನಾಗ ಬ್ಲೀಚಿಂಗ್ ಪೌಡರ್ ವಾಸನೆ ಬರ್ತಾ ಐತೆ."

"ಮತ್ತೆ ಪೂಜೆಗೆ ಹಾಕ್ತೀಯಲ್ಲವ್ವ!"

"ನಮ್ಮೂರ ನಲ್ಲಿಗೆ ನೀರು ಎಲ್ಲಿಂದ ಬರ್ತೈತೆ ಅಂದ್ಕಂಡಿ? ಹರಿಹರದ ಹೊಳೆಯಿಂದನೇ ಪೈಪಿನಾಗ ಬರ್ತೈತೆ. ಇಷ್ಟು ವರ್ಷ ನಾನು ಮನೆಯ ನಲ್ಲಿ ನೀರಾಗೇ ಪೂಜೆ ಮಾಡ್ಕಂಡು ಬಂದೀನಿ."

"ಹಂಗಾದ್ರೆ ನನಗ್ಯಾಕ ಕ್ಯಾನ್ ಕೊಟ್ಟೆ?"

"ದೇವರ ಕೆಲಸ ಅಂದ್ರೆ ಅರ್ಧಕ್ಕೆ ತಿರುಗಲ್ಲ, ಹೊಳೆ ಮುಟ್ಟೇ ಬರ್ತೀಯ ಅಂತ. ದೇವರಿಗೇನೂ ಮೋಸ ಆಗಿಲ್ಲ ಮಗ. ಮೋಸ ಆಗಿದ್ದು ನಿನ್ನ ಮೈಗೆ."

ನನಗೆ ಅಳುವೇ ಬಂತು. ಕೆನ್ನೆ ಕೆನ್ನೆ ಬಡಿದುಕೊಂಡೆ. ನಯನಾಳ ಮನಸ್ಸೂ ಕರಗಿತು. ಮೇ ಕೊನೆಗೆ ಇನ್ನೊಂದು ಪರೀಕ್ಷೆ, ಕರಾರು ಅದೇ: ಅವ್ವ ಶಾಲು ಪೆಟ್ಟಿಗೆಗೆ ಇಡುವ ತನಕ ಸೈಕಲ್. ವ್ಯತ್ಯಾಸ ಇಷ್ಟೇ, ಈಗ ಹಿಂದೆ ಹಿಂದೆಯೇ ನಯನಾಳ ಸ್ಕೂಟಿ ಬರುತ್ತದೆ. ರಹೀಮಣ್ಣ ದೂರದಿಂದಲೇ ಸಲಾಂ ಹೊಡೆಯುತ್ತಾನೆ.

ಈಗ ಏಪ್ರಿಲ್ ಕೊನೆಯ ವಾರ. ದಾವಣಗೆರೆಯ ಬಿಸಿಲಿಗೆ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿದೆ. ಅವ್ವ ಹಾಲ್‌ನ ನಡುವೆ ಕುರ್ಚಿ ಹಾಕಿಕೊಂಡು, ಕೆಂಪು ಶಾಲು ಕತ್ತಿನ ತನಕ ಹೊದ್ದು ಕೂತಿದ್ದಾಳೆ. ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿದೆ, ನಯನಾ ಟವೆಲಿನಿಂದ ಒರೆಸುತ್ತಿದ್ದಾಳೆ.

"ಅವ್ವ, ಕೈ ಮುಗೀತೀನಿ. ಚಳಿ ಹೋಯ್ತು, ಶಾಲು ತೆಗಿಯವ್ವ!"

"ಎಲ್ಲಿ ಹೋಯ್ತೋ ಮಗ? ಗಡಗಡ ನಡುಗಾಕ ಹತ್ತೀನಿ. ನೀನು ಹೊಳೆಗೆ ಹೋಗಿ ಬಾ. ನಯನಾ, ಆ ಫ್ಯಾನ್ ಇನ್ನೊಂಚೂರು ಜೋರು ಮಾಡವ್ವ!"