ಬ್ಯಾಟರಿಯೊಳಗಿನ ಅಡ್ಡಗೋಡೆ

ನಾನು ಸುಮ್ಮನೆ ಕೂತಿದ್ದರೂ ನನ್ನ ಸುತ್ತ ಏನಾದರೊಂದು ಆಗುತ್ತಲೇ ಇರುತ್ತದೆ. ‘ಸುಮ್ಮನೆ’ ಅನ್ನೋ ಮಾತನ್ನು ನಮ್ಮ ಮೇಡಂ ಒಪ್ಪುವುದಿಲ್ಲ, ಅದು ಬೇರೆ ವಿಷಯ. ಚಾಮರಾಜಪೇಟೆಯ ಹಳೇ ಮನೆಯೊಂದರ ಮಹಡಿಯಲ್ಲಿ ನಮ್ಮ ಪುಟ್ಟ ಲ್ಯಾಬು. ಮೇಡಂ ವಿಜ್ಞಾನಿ, ನಾನು ಟೆಕ್ನೀಷಿಯನ್. ಲಿಥಿಯಂ ಬ್ಯಾಟರಿಯೊಳಗೆ ಹಾಕುವ ಸೆಪರೇಟರ್ ಅನ್ನೋ ತೆಳ್ಳನೆ ಬಿಳಿ ಪೊರೆ ಮಾಡೋದು ನಮ್ಮ ಕೆಲಸ.

೧. ಗೋಡೆ

ಕೆಳಗಡೆ ಮನೆ ಮಾಲೀಕರು. ಒಂದಿನ ಮೆಟ್ಟಿಲ ಹತ್ತಿರ ಹಿಡಿದುಕೊಂಡರು.

“ಏನ್ರೀ ಅದು, ಮೇಲೆ ಎರಡು ವರ್ಷದಿಂದ ಮಾಡ್ತಾನೇ ಇದೀರಿ?”

“ಬ್ಯಾಟರೀಲಿ ಪ್ಲಸ್ಸು ಒಂದ್ಕಡೆ, ಮೈನಸ್ಸು ಒಂದ್ಕಡೆ ಸಾರ್. ಒಂದಕ್ಕೊಂದು ತಾಗಿದ್ರೆ ಬೆಂಕಿ. ಅದಕ್ಕೆ ಮಧ್ಯೆ ಒಂದು ಪೊರೆ. ಅದರಲ್ಲಿ ಕಣ್ಣಿಗೆ ಕಾಣದ ತೂತು. ಲಿಥಿಯಂ ಮಾತ್ರ ಆಕಡೆ ಈಕಡೆ ಓಡಾಡಬಹುದು.”

ಅವರು ತಮ್ಮ ನಡುಮನೆಯ ಗೋಡೆ ನೋಡಿದರು. ಪಾಲಾದ ಮನೆ ಅದು. ಆಚೆ ಬದಿಗೆ ತಮ್ಮ. ಅಣ್ಣ ತಮ್ಮಂದಿರಿಗೆ ಮಾತಿಲ್ಲ. ಆದರೆ ಗೋಡೆಯಲ್ಲಿ ಒಂದು ಕಿಂಡಿ ಉಂಟು, ಅದರಲ್ಲಿ ವಾರಗಿತ್ತಿಯರ ಸಾರಿನ ಪಾತ್ರೆ ದಿನಾ ಓಡಾಡುತ್ತದೆ.

“ಇದಕ್ಕೆ ಎರಡು ವರ್ಷ ಬೇಕಾ? ನಮ್ಮ ಮೇಸ್ತ್ರಿ ಎರಡೇ ದಿನಕ್ಕೆ ಕಟ್ಟಿ ಹೋದ!”

೨. ತರಕಾರಿ ಕವರು

ಬರೀ ಪ್ಲಾಸ್ಟಿಕ್ ಪೊರೆ ಬಿಸಿಗೆ ಮುದುರಿಕೊಳ್ಳುತ್ತದೆ. ಅದಕ್ಕೇ ನಾವು ಅದರ ಮೇಲೆ ಪಿಂಗಾಣಿಯಂಥ ಪುಡಿ ಕಲಸಿ ತೆಳ್ಳಗೆ ಬಳಿಯುತ್ತೇವೆ. ಓವನ್ನಿನಲ್ಲಿ ಮುದುರದಿದ್ದರೆ ಪಾಸು. ಇನ್ನೊಂದು ಗುರುತು: ಬರೀ ಪ್ಲಾಸ್ಟಿಕ್ ಮೇಲೆ ನೀರಿನ ಹನಿ ಕೆಸುವಿನೆಲೆ ಮೇಲಿನ ಹಾಗೆ ಗುಂಡಗೆ ಕೂರುತ್ತದೆ, ನಮ್ಮದರ ಮೇಲೆ ಬಿದ್ದ ತಕ್ಷಣ ಹರಡುತ್ತದೆ.

ಒಂದಿನ ಮೇಡಂ “ಈ ಸಲ ಗೆದ್ವಿ” ಅಂದರು. ನನಗೆ ತಡೆಯಲಾಗಲಿಲ್ಲ. ಓವನ್ನಿನಿಂದ ನಮ್ಮ ಪೊರೆ ತೆಗೆದು ಬಿಳೀ ತರಕಾರಿ ಕವರಿನ ಚೂರು ಇಟ್ಟೆ. ಹೊರಗೆ ಬಂದಾಗ ಅದು ಸುಟ್ಟ ಕಡಲೆಕಾಯಿ. ಮೇಡಂ “ಆರು ತಿಂಗಳ ಕೆಲಸ...” ಅಂತ ಸ್ಟೂಲಿನ ಮೇಲೆ ಕುಸಿದರು. ನಾನು ಜೇಬಿನಿಂದ ಅಸಲಿ ತೆಗೆದು ತೋರಿಸಿದೆ.

ಪೊರೆ ಎಷ್ಟು ಮುದುರಿತು ಅಂತ ಸ್ಕೇಲಿನಲ್ಲಿ ಅಳೆಯೋದು ನಮ್ಮ ಪದ್ಧತಿ. ಆವತ್ತು ಅದೇ ಸ್ಕೇಲು ನನ್ನ ಬೆನ್ನಿನ ಅಳತೆ ತಗೊಂಡಿತು.

೩. ಎರಡು ತಟ್ಟೆ

ಬ್ಯಾಟರಿ ಕಂಪನಿಯವರು ಬರುವ ದಿನ. ಒಪ್ಪಿದರೆ ಕೆಲಸ ನಮಗೆ. ಇಲ್ಲದಿದ್ದರೆ ಲ್ಯಾಬಿಗೆ ಬೀಗ, ಮೇಡಂ ಮತ್ತೆ ಕಾಲೇಜಿನಲ್ಲಿ ಪಾಠ. ಕಂಪನಿಯವರು ಈಗ ಬಳಸುವ ಬರೀ ಪ್ಲಾಸ್ಟಿಕ್ ಪೊರೆಯನ್ನೂ ನಮ್ಮದನ್ನೂ ಒಟ್ಟಿಗೆ ಓವನ್ನಿಗೆ ಹಾಕಿ ನೋಡಬೇಕು.

“ಇವತ್ತೊಂದಿನ ತರ್ಲೆ ಬೇಡ, ಕೈ ಮುಗೀತೀನಿ,” ಅಂದರು ಮೇಡಂ.

“ನಮ್ಮತ್ತೆ ಆಣೆ, ಮೇಡಂ.”

“ಅವರ ಮೇಲೆ ವಾರಕ್ಕೆ ನಾಲ್ಕು ಸಲ ಆಣೆ ಇಡ್ತೀರಿ.”

“ಆದ್ರೂ ಗಟ್ಟಿಮುಟ್ಟಾಗಿದಾರೆ ನೋಡಿ!”

ಎರಡು ಸ್ಟೀಲ್ ತಟ್ಟೆ. ಒಂದರ ಮೇಲೆ ‘ನಮ್ಮದು’, ಇನ್ನೊಂದರ ಮೇಲೆ ‘ಅವರದು’. ಮೇಡಂ ಕೈಯಾರೆ ಪೊರೆ ಇಟ್ಟುಕೊಟ್ಟರು. ಹಿಂದಿನ ಕೋಣೆಯ ಓವನ್ನಿಗೆ ಒಯ್ದದ್ದು ನಾನು. ಅರ್ಧ ಗಂಟೆಯ ಮೇಲೆ ತಂದಿಟ್ಟೆ. ‘ಅವರದು’ ಇಸ್ತ್ರಿ ಮಾಡಿದ ಕರ್ಚೀಫು. ‘ನಮ್ಮದು’ ಮುದುರಿ ಮುದ್ದೆ!

ಮೇಡಂ ಮುಖ ಪೊರೆಗಿಂತ ಬಿಳಿಯಾಯಿತು. ಕಂಪನಿಯ ಸಾಹೇಬರು “ಸಾರಿ ಮೇಡಂ” ಅಂತ ಫೈಲು ಮುಚ್ಚಿದರು. ಅಷ್ಟರಲ್ಲಿ ಮಾಲೀಕರ ಹೆಂಡತಿ ಕಾಫಿ ತಂದರು.

“ಒಂದ್ನಿಮಿಷ ಸಾರ್,” ಅಂದೆ. ನಾನೇ ಬಳಿದ ಪೊರೆ, ಮುದುರೋ ಜಾತಿಯೇ ಅಲ್ಲ ಅದು. ಕಾಫಿಗೆ ಬೆರಳದ್ದಿ ‘ಅವರದು’ ಮೇಲೆ ಒಂದು ಹನಿ ಬಿಟ್ಟೆ. ಫಟ್ಟನೆ ಹರಡಿತು! ಸಾಹೇಬರ ಫೈಲಿನಲ್ಲಿ ಉಳಿದಿದ್ದ ಅವರ ಪೊರೆಯ ತುಂಡಿನ ಮೇಲೆ ಇನ್ನೊಂದು ಹನಿ. ಸಾಸಿವೆಕಾಳಿನ ಹಾಗೆ ಕೂತಿತು.

“ಸಾರ್, ಮುದುರದೇ ಇರೋದೇ ನಮ್ಮದು! ತಟ್ಟೆ ಅದಲುಬದಲಾಗಿದೆ!”

ಸಾಹೇಬರು ತಮ್ಮ ಲೋಟಕ್ಕೂ ಬೆರಳದ್ದಿ ಮೂರು ಸಲ ನೋಡಿದರು. ಉಳಿದ ಕಾಫಿ ಕುಡಿದರು. “ಯಾವಾಗ ಶುರು ಮಾಡ್ತೀರಿ ಮೇಡಂ?” ಅಂದರು.

ಅವರು ಮೆಟ್ಟಿಲಿಳಿದದ್ದೇ ನಾನು ಕೈ ಮುಗಿದೆ. “ಮೇಡಂ, ಸತ್ಯವಾಗ್ಲೂ ನಾನು ಬದಲಾಯಿಸಿಲ್ಲ.”

“ಗೊತ್ತಾಯ್ತು. ಬದಲಾಯಿಸಿದ್ದು ನಾನು.”

“ನೀವಾ?”

“ನೀವು ಓವನ್ನಿಗೆ ಒಯ್ಯೋವಾಗ ಅದಲುಬದಲು ಮಾಡೇ ಮಾಡ್ತೀರಿ ಅಂತ ಮೊದಲೇ ಪೊರೆ ಉಲ್ಟಾ ಇಟ್ಟಿದ್ದೆ. ನೀವು ಬದಲಾಯಿಸಿದ್ರೆ ಎಲ್ಲಾ ಸರಿಹೋಗ್ತಿತ್ತು!”

ಇಷ್ಟು ವರ್ಷದಲ್ಲಿ ನಾನು ಆಣೆ ಉಳಿಸಿಕೊಂಡದ್ದು ಅದೊಂದೇ ಸಲ. ಮೇಡಂ ತಲೆ ಚಚ್ಚಿಕೊಂಡರು: “ನಿಮ್ಮನ್ನ ನಂಬಿ ಕೆಟ್ಟೆ ಕಣ್ರೀ!”